ಅಪ್ಪ ಓದದೆ ಬಿಟ್ಟ ಪುಟಗಳು

ಎಸ್.ಎಲ್. ಭೈರಪ್ಪನವರ ‘ಗೃಹಭಂಗ’ ನಮ್ಮಪ್ಪನಿಗೆ ಬಹಳ ಇಷ್ಟದ ಕಾದಂಬರಿ. ಆದರೆ ಅದರಲ್ಲಿನ ಪ್ಲೇಗಿನ ಪುಟಗಳನ್ನು ಅವರು ಓದಿರಲಿಲ್ಲ. ಇದು ನನಗೆ ತಿಳಿದದ್ದು ಅವರು ತೀರಿಕೊಂಡು ಎಷ್ಟೋ ವರ್ಷಗಳಾದ ಮೇಲೆ. 2025ರ ಸೆಪ್ಟೆಂಬರ್ 24ರಂದು ಭೈರಪ್ಪನವರು ಹೋದ ಸುದ್ದಿ ಬಂತು. ನವರಾತ್ರಿ ನಡೆಯುತ್ತಿತ್ತು. ಸಂಜೆ ದೀಪ ಹಚ್ಚಿದ ಮೇಲೆ ಅಪ್ಪನ ಬೀರುವಿನಿಂದ ಆ ಪುಸ್ತಕ ತೆಗೆದು ಕೂತೆ.

ಅಪ್ಪ ದಾವಣಗೆರೆಯ ಹತ್ತಿ ಮಿಲ್ಲೊಂದರಲ್ಲಿ ಗುಮಾಸ್ತರು. ಕೈಯಲ್ಲಿ ಪೆನ್ಸಿಲ್ ಇಲ್ಲದೆ ಪುಸ್ತಕ ಹಿಡಿದವರಲ್ಲ. ಲೆಕ್ಕ ತಾಳೆ ನೋಡುವಾಗ ಹಾಕುವಂಥ ಸಣ್ಣ ಗುರುತು, ಅಂಚಿನಲ್ಲಿ ‘ನಿಜ’, ‘ಪಾಪ’, ‘ಎಂಥ ಗಂಡಸು ಇವನು’ ಎಂಬ ಒಂದೆರಡು ಮಾತು. ‘ಗೃಹಭಂಗ’ದ ತುಂಬ ಇವೇ ಇದ್ದವು. ಕಥಾನಾಯಕಿ ನಂಜಮ್ಮ ಗಂಡನ ಬದಲು ಶ್ಯಾನುಭೋಗಿಕೆಯ ಲೆಕ್ಕ ಬರೆಯುವ ಕಡೆಗಳಲ್ಲಿ ಎರಡೆರಡು ಗೆರೆ. ಮುತ್ತುಗದ ಎಲೆ ಹಚ್ಚಿ ಮಾರಿ ಮಕ್ಕಳ ಹೊಟ್ಟೆ ತುಂಬಿಸುವ ಕಡೆ ಇಡೀ ಪ್ಯಾರಾಕ್ಕೆ ಗೆರೆ. ಅವಳ ಅತ್ತೆ ಗಂಗಮ್ಮನ ಬೈಗುಳ ಬಂದಲ್ಲೆಲ್ಲ ಒಂದು ಆಶ್ಚರ್ಯಸೂಚಕ. ಮಧ್ಯೆ ಒಂದು ಕಡೆ ಇವೆಲ್ಲ ಥಟ್ಟನೆ ನಿಂತುಹೋಗಿದ್ದವು. ಪುಟದ ಮೇಲೆ ಪುಟ ತಿರುವಿದರೂ ಒಂದು ಗುರುತಿಲ್ಲ, ಮೂಲೆ ಮಡಿಸಿಲ್ಲ, ಬೆರಳಿನ ಕಲೆಯಿಲ್ಲ. ಆಮೇಲೆ ಮತ್ತೆ ಪೆನ್ಸಿಲ್ ಶುರು. ಆ ಮಧ್ಯದ ಪುಟಗಳಲ್ಲಿದ್ದದ್ದು ಊರಿಗೆ ಪ್ಲೇಗು ಬಂದು ನಂಜಮ್ಮನ ಮಕ್ಕಳಾದ ಪಾರ್ವತಿ ಮತ್ತು ರಾಮಣ್ಣ ಸಾಯುವ ಭಾಗ.

ಕಾಲೇಜಿನಲ್ಲಿದ್ದಾಗ ನಾನು ಈ ಕಾದಂಬರಿಯನ್ನು ಗ್ರಂಥಾಲಯದಿಂದ ತಂದು ಓದಿದ್ದೆ. ಆಗ ನನ್ನ ಸಿಟ್ಟೆಲ್ಲ ನಂಜಮ್ಮನ ಗಂಡ ಚೆನ್ನಿಗರಾಯನ ಮೇಲಿತ್ತು: ಹೊಟ್ಟೆಯೊಂದೇ ಲೋಕವಾಗಿರುವ ಆ ಮನುಷ್ಯನ ಜೊತೆ ನಂಜಮ್ಮ ಹೇಗೆ ಬಾಳಿದಳು ಎಂಬುದೇ ಆಗ ದೊಡ್ಡ ಪ್ರಶ್ನೆ. ಈಗ, ನನಗೂ ಮಕ್ಕಳಾದ ಮೇಲೆ, ಪ್ಲೇಗಿನ ಭಾಗವನ್ನು ಓದಿದಾಗ ಉಸಿರು ಕಟ್ಟಿತು. ಭೈರಪ್ಪ ಅಲ್ಲಿ ಅಳುವುದಿಲ್ಲ, ಅಳಿಸಲು ಯತ್ನಿಸುವುದೂ ಇಲ್ಲ. ಜ್ವರ ಬಂತು, ಔಷಧ ತಂದರು, ಇಂಥವರು ಬಂದರು, ಇಂಥವರು ಬರಲಿಲ್ಲ. ಒಂದಾದ ಮೇಲೊಂದು ಏನು ನಡೆಯಿತೋ ಅಷ್ಟೇ. ಓದುವವರು ಕಣ್ಣು ಬೇರೆ ಕಡೆ ಹೊರಳಿಸಲು ಅವರು ಜಾಗವನ್ನೇ ಬಿಟ್ಟಿಲ್ಲ. ತಾಯಿಯನ್ನೂ ಒಡಹುಟ್ಟಿದವರನ್ನೂ ಬಾಲ್ಯದಲ್ಲೇ ಪ್ಲೇಗಿಗೆ ಕಳೆದುಕೊಂಡವರು ಅವರು. 1970ರಲ್ಲಿ ಈ ಕಾದಂಬರಿ ಬಂದಾಗ ಅವರಿಗೆ ನಲವತ್ತರ ಹತ್ತಿರ ವಯಸ್ಸು. ಅಷ್ಟು ವರ್ಷ ಹೊತ್ತುಕೊಂಡಿದ್ದನ್ನು ಇಷ್ಟು ನೇರವಾಗಿ ಬರೆಯಲು ಎಷ್ಟು ಗಟ್ಟಿ ಜೀವ ಬೇಕು ಎಂದು ಯೋಚಿಸಿದೆ. ಜೊತೆಗೇ ಇನ್ನೊಂದು ಯೋಚನೆ: ಅಪ್ಪ ಇದನ್ನೇ ಯಾಕೆ ಬಿಟ್ಟರು? ಗಿರೀಶ್ ಕಾಸರವಳ್ಳಿಯವರ ನಿರ್ದೇಶನದಲ್ಲಿ ‘ಗೃಹಭಂಗ’ ಧಾರಾವಾಹಿಯಾಗಿ ಟೀವಿಯಲ್ಲಿ ಬರುತ್ತಿದ್ದಾಗಲೂ ಅಪ್ಪ ದಿನವೂ ನೋಡುತ್ತಿದ್ದವರು, ಒಂದು ಹಂತದಲ್ಲಿ ಊಟ ಮುಗಿಸಿ ಹೊರಗೆ ಹೋಗಿಬಿಡುತ್ತಿದ್ದರು ಎಂದು ಅಮ್ಮ ಹೇಳಿದರು.

ನನಗೆ ಇಲಿ ಬೋನು ನೆನಪಾಯಿತು. ವಿನೋಬನಗರದ ನಮ್ಮ ಮನೆಯಲ್ಲಿ ಅಪ್ಪ ರಾತ್ರಿ ಮಲಗುವ ಮುಂಚೆ ಟಾರ್ಚ್ ಹಿಡಿದು ಅಕ್ಕಿ ಡಬ್ಬದ ಹಿಂದೆ, ಅಟ್ಟದ ಮೇಲೆ, ನೀರೊಲೆಯ ಸಂದಿಯಲ್ಲಿ ಇಣುಕಿ ನೋಡುತ್ತಿದ್ದರು. ಜೋಳವನ್ನು ಚೀಲಗಟ್ಟಲೆ ತಂದಿಡಲು ಬಿಡುತ್ತಿರಲಿಲ್ಲ. ಬೋನಿಗೆ ಬಿದ್ದ ಇಲಿಯನ್ನು ತಾವೇ ಒಯ್ಯುತ್ತಿದ್ದರು, ನಮ್ಮನ್ನು ಹತ್ತಿರ ಸೇರಿಸುತ್ತಿರಲಿಲ್ಲ. ಅದನ್ನು ನಾವು ಶುಚಿತ್ವ ಅಂದುಕೊಂಡಿದ್ದೆವು.

ಕೇಳಲು ಉಳಿದಿದ್ದವರು ಒಬ್ಬರೇ, ದೊಡ್ಡತ್ತೆ. ಅಪ್ಪನಿಗಿಂತ ಮೂರು ವರ್ಷ ದೊಡ್ಡವರು, ತೊಂಬತ್ತರ ಆಸುಪಾಸು, ಕಣ್ಣು ಮಂಜು, ಕಿವಿ ಮಾತ್ರ ಚುರುಕು. ಆನಗೋಡಿನ ಕಡೆಯ ಹಳ್ಳಿಯಲ್ಲಿ ಮೊಮ್ಮಗನ ಮನೆಯಲ್ಲಿದ್ದಾರೆ. ದಸರಾ ರಜೆಯಲ್ಲಿ ಚಿತ್ರದುರ್ಗದ ಬಸ್ಸು ಹಿಡಿದು, ಅವರಿಗಿಷ್ಟದ ಬೆಣ್ಣೆ ಬಿಸ್ಕತ್ತು ಕಟ್ಟಿಸಿಕೊಂಡು ಹೋದೆ. ಪುಸ್ತಕವೂ ಚೀಲದಲ್ಲಿತ್ತು. ನೇರವಾಗಿ ಕೇಳುವ ಧೈರ್ಯವಿರಲಿಲ್ಲ. ‘ಅಪ್ಪ ಓದ್ತಿದ್ದ ಪುಸ್ತಕ ಅತ್ತೆ, ಓದಿ ಹೇಳ್ಲಾ?’ ಅಂದೆ. ಓದಿಸಿಕೊಳ್ಳುವುದು ಅವರಿಗೆ ಹೊಸದಲ್ಲ, ಮೊದಲು ಮೊಮ್ಮಗ ಪೇಪರ್ ಓದುತ್ತಿದ್ದ. ಹೂಂ ಅಂದರು.

ನಂಜಮ್ಮನ ಕಥೆ ಅವರಿಗೆ ಕೂಡಲೇ ಹಿಡಿಸಿತು. ತಿಪಟೂರು ಸೀಮೆಯ ಬ್ರಾಹ್ಮಣರ ಮನೆ, ನಮ್ಮದು ಬೇಸಾಯದ ಲಿಂಗಾಯತರ ಮನೆ. ಆದರೂ ಗಂಗಮ್ಮನಂಥ ಅತ್ತೆಯನ್ನು ತಾವು ಕಂಡಿದ್ದೇವೆ ಎಂದು ಮಧ್ಯೆ ಮಧ್ಯೆ ತಡೆದು ಹೇಳುತ್ತಿದ್ದರು. ಚೆನ್ನಿಗರಾಯನಿಗೆ ಬೈದಿದ್ದನ್ನು ಇಲ್ಲಿ ಬರೆಯಲಾರೆ. ಹಾರಿಸಿ ಹಾರಿಸಿ ಓದುತ್ತ ಊರಿಗೆ ಪ್ಲೇಗು ಬಂತು ಎನ್ನುವಲ್ಲಿಗೆ ಬಂದೆ. ಅತ್ತೆ ಗೋಡೆಗೆ ಒರಗಿದ್ದವರು ನೆಟ್ಟಗೆ ಕೂತರು.

‘ಇಲಿ ಬಿದ್ದಿರಬೇಕು ಅಲ್ಲಿ.’

ನಾನು ಪುಸ್ತಕ ಮಡಿಸಿದೆ.

‘ನಿಮ್ಮಪ್ಪ ಇದನ್ನ ಓದಿದ್ನಾ?’

‘ಇದೊಂದು ಭಾಗ ಓದಿಲ್ಲ ಅತ್ತೆ.’

‘ಎಲ್ಲಿಂದ ಓದ್ತಾನವ್ವ’ ಅಂದರು. ಆಮೇಲೆ ಹೇಳಿದರು. ಕಣ್ಣೀರಿಲ್ಲ, ತಡವರಿಕೆಯಿಲ್ಲ. ಬಹಳ ಸಲ ಒಳಗೇ ಹೇಳಿಕೊಂಡವರ ಹಾಗೆ ಹೇಳಿದರು.

ಸ್ವಾತಂತ್ರ್ಯ ಬರುವುದಕ್ಕೆ ಒಂದೆರಡು ವರ್ಷ ಮುಂಚಿನ ಮಾತು. ಭದ್ರಾ ನಾಲೆ ಬಾರದ ಕಾಲ, ಎಲ್ಲ ಎರೆಹೊಲ, ಜೋಳ ಮತ್ತು ಹತ್ತಿ. ಸುಗ್ಗಿ ನಡೆದಿತ್ತು. ಅತ್ತೆಗೆ ಹತ್ತು, ಅಪ್ಪನಿಗೆ ಏಳು, ಅವರ ಕೆಳಗೆ ನಾಲ್ಕು ವರ್ಷದ ಒಬ್ಬ ತಂಗಿ. ಅಪ್ಪನಿಗೆ ಒಬ್ಬ ತಂಗಿ ಇದ್ದಳೆಂಬುದನ್ನು ನಾನು ಕೇಳಿದ್ದೇ ಆ ಕ್ಷಣ. ಹೆಸರನ್ನೂ ಹೇಳಿದರು. ಆ ಹೆಸರು ನಮ್ಮ ವಂಶದಲ್ಲಿ ಆಮೇಲೆ ಯಾರಿಗೂ ಇಟ್ಟಿಲ್ಲ.

ಪಕ್ಕದ ಊರಿಗೆ ಪ್ಲೇಗು ಬಂದಿತ್ತು. ಯಾರ ಮನೆಯಲ್ಲಿ ಇಲಿ ಸತ್ತು ಬಿದ್ದರೂ ಊರಿಗೆ ಹೇಳಬೇಕು, ಎಲ್ಲರೂ ಮನೆ ಬಿಟ್ಟು ಹೊಲದಲ್ಲಿ ಗುಡ್ಲು ಹಾಕಿಕೊಳ್ಳಬೇಕು ಎಂದು ಗೌಡರು ಡಂಗುರ ಸಾರಿಸಿದ್ದರು. ಅಪ್ಪ ಮತ್ತು ಆ ತಂಗಿ ನಡುಮನೆಯಲ್ಲಿ ಜೋಳದ ಚೀಲಗಳ ಹಿಂದೆ ಬಚ್ಚಿಟ್ಟುಕೊಳ್ಳುವ ಆಟ ಆಡುತ್ತಿದ್ದಾಗ ಅಲ್ಲೊಂದು ಇಲಿ ಬಿದ್ದಿತ್ತು. ಮುಂದಿನ ವಾರ ಊರಿನ ತೇರು. ಊರು ಬಿಟ್ಟರೆ ತೇರಿಲ್ಲ. ಏಳು ವರ್ಷದ ಹುಡುಗ ಇಲಿಯನ್ನು ಬಾಲ ಹಿಡಿದು ಒಯ್ದು ತಿಪ್ಪೆಗೆ ಎಸೆದು ಬಂದ. ತಂಗಿಯ ಕೈಗೆ ಒಂದು ಚೂರು ಬೆಲ್ಲ ಕೊಟ್ಟು, ಯಾರಿಗೂ ಹೇಳಬೇಡ ಅಂದ. ಅವಳು ಹೇಳಲಿಲ್ಲ. ತೇರಿಗೆ ಮುಂಚೆಯೇ ಅವಳಿಗೆ ಜ್ವರ ಬಂತು, ಕಂಕುಳಲ್ಲಿ ಗಡ್ಡೆ ಎದ್ದಿತು, ಹೋಗಿಬಿಟ್ಟಳು. ಆಮೇಲೆ ಎಲ್ಲರೂ ಗುಡ್ಲಿಗೆ ಹೋದರು.

‘ಗುಡ್ಲಾಗೆ ರಾತ್ರಿ ನನ್ನ ಪಕ್ಕ ಮಲಗ್ತಿದ್ದ. ಅಕ್ಕಾ, ನಾನೇ ಕೊಂದೆ ಅಂದ. ಇಲಿ ವಿಷಯ ಎಲ್ಲ ಹೇಳ್ದ. ನಾನು ಬಾಯಿ ಮುಚ್ಚಿದೆ ಅವಂದು. ಯಾರ ಮುಂದೂ ಆಡಬ್ಯಾಡ, ಅಪ್ಪಯ್ಯ ಹೊಡೆದು ಸಾಯಿಸ್ತಾನೆ ಅಂದೆ. ಅದೇ ಕೊನೆ. ಮತ್ತೆ ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.’

ಇಷ್ಟಕ್ಕೇ ಮುಗಿಯಲಿಲ್ಲ. ಎಷ್ಟೋ ವರ್ಷಗಳ ಮೇಲೆ ನಮ್ಮ ಅಜ್ಜಿ ಹಾಸಿಗೆ ಹಿಡಿದಾಗ ನೋಡಿಕೊಂಡವರು ದೊಡ್ಡತ್ತೆ. ಒಂದು ದಿನ ಅಜ್ಜಿ ತಾನಾಗಿಯೇ ಬಾಯಿ ಬಿಟ್ಟರಂತೆ. ಮಕ್ಕಳು ಇಲಿ ಕಂಡದ್ದಕ್ಕೂ ಮುಂಚೆ ದನದ ಮನೆಯಲ್ಲಿ ಅಜ್ಜಿಯೇ ಒಂದು ಇಲಿ ಕಂಡಿದ್ದರು. ಅಜ್ಜ ಹತ್ತಿ ಗಾಡಿ ಹೊಡೆದುಕೊಂಡು ದಾವಣಗೆರೆ ಮಂಡಿಗೆ ಹೋಗಿದ್ದರು, ಕಣದಲ್ಲಿ ಜೋಳದ ರಾಶಿ ಹಾಗೇ ಬಿದ್ದಿತ್ತು. ಈಗ ಮನೆ ಬಿಟ್ಟರೆ ವರ್ಷದ ಕೂಳು ಹೋಯಿತು, ಅಜ್ಜ ಬರಲಿ ಎಂದು ಇಲಿಯನ್ನು ಬೂದಿಗುಂಡಿಯಲ್ಲಿ ಮುಚ್ಚಿಟ್ಟರು. ‘ನನ್ನ ಮಗಳನ್ನ ನಾನೇ ತಿಂದೆ’ ಅಂದವರು, ಯಾರಿಗೂ, ಅದರಲ್ಲೂ ಮಗನಿಗೆ ಹೇಳಕೂಡದು ಎಂದು ದೊಡ್ಡತ್ತೆಯಿಂದ ಆಣೆ ಹಾಕಿಸಿಕೊಂಡರು.

ಒಂದೇ ಸೂರಿನಡಿ ತಾಯಿ ಮಗ ಇಬ್ಬರೂ ಆ ಮಗುವಿನ ಸಾವು ತನ್ನಿಂದಲೇ ಆಯಿತು ಎಂದು ಬೇರೆ ಬೇರೆಯಾಗಿ ನಂಬಿ ಬದುಕಿದರು. ಎರಡೂ ಗೊತ್ತಿದ್ದವರು ದೊಡ್ಡತ್ತೆ ಒಬ್ಬರೇ. ಅಪ್ಪನಿಗೆ ಹೇಳಿದ್ದೀರಾ ಎಂದು ಕೇಳಿದೆ. ‘ಆಣೆ ಇತ್ತಲ್ಲವ್ವ’ ಅಂದರು.

ನನಗೆ ತಿಳಿದದ್ದನ್ನು ಅವರಿಗೆ ಹೇಳಿದೆ. 1894ರಲ್ಲಿ ಹಾಂಗ್‌ಕಾಂಗಿನಲ್ಲಿ ಅಲೆಕ್ಸಾಂಡರ್ ಯೆರ್ಸಿನ್ ಈ ರೋಗದ ಅಣುಜೀವಿಯನ್ನು ಗುರುತಿಸಿದ್ದು, 1896ರಲ್ಲಿ ಮುಂಬಯಿಗೂ 1898ರಲ್ಲಿ ಬೆಂಗಳೂರಿಗೂ ಪ್ಲೇಗು ಬಂದದ್ದು, ಅದೇ ವರ್ಷ ಪೌಲ್ ಲೂಯಿ ಸಿಮೊಂಡ್ ಇದನ್ನು ದಾಟಿಸುವುದು ಇಲಿಯ ಮೈಮೇಲಿನ ಚಿಗಟ ಎಂದು ತೋರಿಸಿದ್ದು. ಹೆಸರು ಇಸವಿ ಅತ್ತೆಗೆ ಬೇಕಿರಲಿಲ್ಲ, ಚಿಗಟದ ಮಾತು ಬೇಕಿತ್ತು. ಇಲಿ ಸತ್ತು ಮೈ ತಣ್ಣಗಾದ ಮೇಲೆ ಚಿಗಟಗಳು ಅದನ್ನು ಬಿಟ್ಟು ಬೇರೆ ರಕ್ತ ಹುಡುಕಿಕೊಂಡು ಹೊರಡುತ್ತವೆ. ಕಚ್ಚಿಸಿಕೊಂಡವರಿಗೆ ಜ್ವರ ಬರಲು ಸಾಮಾನ್ಯವಾಗಿ ಎರಡರಿಂದ ಆರು ದಿನ. ಅಂದರೆ ಆ ಮಗುವಿಗೆ ದನದ ಮನೆಯಲ್ಲೇ ತಗುಲಿತೋ, ಚೀಲಗಳ ಹಿಂದೆಯೋ, ಬೇರೆ ಮನೆಯ ಅಂಗಳದಲ್ಲೋ ಯಾರಿಗೂ ಹೇಳಲಾಗುವುದಿಲ್ಲ. ಊರು ಬಿಡುವ ಪದ್ಧತಿ ಸರಿಯಾದದ್ದೇ. ಇಲಿ ಚಿಗಟಗಳಿಂದ ದೂರ ಹೋಗಿ ಎಷ್ಟೋ ಜೀವ ಉಳಿದಿವೆ. ಹಾಗಾಗಿ, ಹೇಳಿದ್ದರೂ ಏನೂ ಆಗುತ್ತಿರಲಿಲ್ಲ ಎಂದು ಅತ್ತೆಗೆ ಸುಳ್ಳು ಸಮಾಧಾನ ಹೇಳಲಿಲ್ಲ. ಆದರೆ ಏಳು ವರ್ಷದ ಮಗುವಿನ ತಲೆಯ ಮೇಲೆ ಇಡುವ ಭಾರ ಅದಲ್ಲ ಎಂದು ಹೇಳಿದೆ. ಅದನ್ನು ಯಾರಾದರೂ ದೊಡ್ಡವರು ಆ ಹುಡುಗನಿಗೆ ಹೇಳಬೇಕಿತ್ತು. ಹೇಳಬಹುದಾಗಿದ್ದವರು ಅಜ್ಜಿ. ಅವರಿಗೆ ಅವರದೇ ಇಲಿ ಬಾಯಿಗೆ ಅಡ್ಡ ಬಂತು.

ನಮ್ಮ ಕಡೆ ಇದನ್ನು ಸಹನೆ ಅನ್ನುತ್ತಾರೆ. ‘ಎಷ್ಟು ನುಂಗಿಕೊಂಡಳು ನೋಡು’ ಎಂದು ಮೆಚ್ಚಿಕೊಳ್ಳುತ್ತಾರೆ. ನಾನು ಮೆಚ್ಚಲಾರೆ. ಸತ್ತ ಮಗುವಿನ ಹೆಸರು ಎತ್ತದಿದ್ದರೆ ಉಳಿದ ಮಕ್ಕಳು ಮರೆಯುತ್ತಾರೆ ಎಂದು ದೊಡ್ಡವರು ಅಂದುಕೊಳ್ಳುತ್ತಾರೆ. ಮಕ್ಕಳು ಮರೆಯುವುದಿಲ್ಲ, ಗೊತ್ತಿಲ್ಲದ ಜಾಗಕ್ಕೆಲ್ಲ ತಮ್ಮನ್ನೇ ತುಂಬಿಕೊಳ್ಳುತ್ತಾರೆ. ನನ್ನಪ್ಪ ಕೆಟ್ಟ ತಂದೆಯಲ್ಲ. ಆದರೆ ನಮಗೆ ಜ್ವರ ಬಂದ ರಾತ್ರಿಗಳಲ್ಲಿ ಅವರು ನಮ್ಮ ಕೋಣೆಯೊಳಗೆ ಬರದೆ ಬಾಗಿಲಲ್ಲೇ ನಿಲ್ಲುತ್ತಿದ್ದದ್ದು, ಹಣೆ ಮುಟ್ಟಿ ನೋಡಲು ಅಮ್ಮನನ್ನು ಕಳಿಸುತ್ತಿದ್ದದ್ದು, ಅದನ್ನು ನಾನೂ ತಮ್ಮನೂ ಅಪ್ಪನಿಗೆ ನಮ್ಮ ಮೇಲೆ ಅಕ್ಕರೆ ಕಡಿಮೆ ಎಂದೇ ಓದಿಕೊಂಡು ಬೆಳೆದೆವು. ಆ ನಾಲ್ಕು ವರ್ಷದ ಹುಡುಗಿಯ ಸುದ್ದಿ ಮುಚ್ಚಿಟ್ಟದ್ದರ ಬಡ್ಡಿ ನಮ್ಮ ತನಕ ಬಂದಿದೆ.

‘ಗೃಹಭಂಗ’ವನ್ನು ಜನ ಬರೀ ದುಃಖದ ಪುಸ್ತಕ ಅನ್ನುವಾಗ ನನಗೆ ಒಪ್ಪಿಗೆಯಾಗದೇ ಇರುವುದು ಇದಕ್ಕೇ. ಅಲ್ಲಿ ಪಾರ್ವತಿ ಸತ್ತರೆ ಪಾರ್ವತಿ ಸತ್ತಳು ಎಂದಿದೆ, ರಾಮಣ್ಣ ಸತ್ತರೆ ರಾಮಣ್ಣ ಸತ್ತ ಎಂದಿದೆ. ಅವರನ್ನು ಅಷ್ಟು ಪುಟ ಓದಿ ಬಲ್ಲವರ ಮುಂದೆ ಪುಸ್ತಕ ಅದನ್ನು ಹೇಳುತ್ತದೆ. ಭೈರಪ್ಪನವರು ಮಾಡಿದ್ದು ಆ ಉಪಕಾರ. ನಮ್ಮಪ್ಪನಂಥವರಿಗೆ ಆ ಪುಟ ದಾಟಲಾಗಲಿಲ್ಲ. ಆದರೂ ಪುಸ್ತಕವನ್ನು ಕೈಬಿಡಲಿಲ್ಲ ಎಂಬುದನ್ನೂ ಮರೆಯಬಾರದು. ಆಚೆ ದಡದಿಂದ ಪೆನ್ಸಿಲ್ ಮತ್ತೆ ಶುರುವಾಗಿದೆ.

ಅತ್ತೆ ಪೂರ್ತಿ ಓದಿಸಿಕೊಂಡರು. ಅವತ್ತೇ ಮುಗಿಯಲಿಲ್ಲ, ರಜೆಯಲ್ಲಿ ಮತ್ತೆ ಹೋದೆ. ನಂಜಮ್ಮನನ್ನೂ ಪ್ಲೇಗೇ ತೆಗೆದುಕೊಂಡು ಹೋದಾಗ ಸುಮ್ಮನೆ ಕೂತಿದ್ದರು. ಕೊನೆಯಲ್ಲಿ ಉಳಿದ ಮಗ ವಿಶ್ವನನ್ನು ಊರಿನ ಜಂಗಮ ಮಹಾದೇವಯ್ಯನವರು ಕರೆದುಕೊಂಡು ಹೊರಡುವುದನ್ನು ಕೇಳಿ, ‘ಸದ್ಯ, ಆ ಹುಡುಗನ ಕೈ ಹಿಡಿಯೋಕೆ ಒಬ್ರಾದ್ರೂ ಸಿಕ್ರಲ್ಲ’ ಅಂದರು.

ಚಿಕ್ಕಪ್ಪ ಆ ಮಗು ಹೋದ ಮೇಲೆ ಹುಟ್ಟಿದವರು. ಅವರಿಗೆ ಫೋನಿನಲ್ಲಿ ಅರ್ಧ ಹೇಳುವಷ್ಟರಲ್ಲೇ ರೇಗಿದರು: ‘ಸತ್ತೋರ ಮಾತು ಈಗ್ಯಾಕವ್ವ? ಅಣ್ಣನೂ ಇಲ್ಲ, ಅವ್ವನೂ ಇಲ್ಲ.’ ಅತ್ತೆ ಇದ್ದಾರಲ್ಲ ಚಿಕ್ಕಪ್ಪ ಅಂದೆ. ದೀಪಾವಳಿಗೆ ಅವರು ಹಳ್ಳಿಗೆ ಬಂದಾಗ ದೊಡ್ಡತ್ತೆ ತಾವೇ ಎದುರಿಗೆ ಕೂರಿಸಿಕೊಂಡು ಎಲ್ಲ ಹೇಳಿದರು, ತಿಪ್ಪೆಯ ಇಲಿ, ಬೂದಿಗುಂಡಿಯ ಇಲಿ, ಆಣೆ. ಚಿಕ್ಕಪ್ಪನ ಮುಖ ಕೆಂಪಾಯಿತು.

‘ಅಣ್ಣಂಗೆ ಹೇಳ್ಬೇಕಿತ್ತು ನೀನು. ಅವ್ವ ಸತ್ತ ಮೇಲಾದ್ರೂ ಹೇಳ್ಬೇಕಿತ್ತು.’

‘ಹೂಂ ಕಣೋ. ಹೇಳ್ಬೇಕಿತ್ತು’ ಅಂದರು ಅತ್ತೆ.

ಅಕ್ಕ ತಮ್ಮ ಇಬ್ಬರೂ ಆ ರಾತ್ರಿ ಬಹಳ ಹೊತ್ತು ಜಗಳವಾಡಿದರು. ಆ ಮಗುವಿನ ಹೆಸರು ಹಿಡಿದು, ಮನೆಯ ಮೊಮ್ಮಕ್ಕಳೆಲ್ಲರ ಮುಂದೆ, ಗಟ್ಟಿಯಾಗಿ. ಯಾರೂ ತಡೆಯಲು ಹೋಗಲಿಲ್ಲ.