ಇಂಗ್ಲಿಷ್ ಕೀಬೋರ್ಡಲ್ಲಿ ಕನ್ನಡ ಇಷ್ಟು ಬೇಗ ಹೇಗೆ ಕುಟ್ತೀರಿ?

ರೈಲಲ್ಲಿ ಪಕ್ಕದ ಸೀಟಿನವರು, ಆಫೀಸಿಗೆ ಹೊಸದಾಗಿ ಬಂದ ಹುಡುಗರು, ಮದುವೆಮನೆಯಲ್ಲಿ ಸಿಕ್ಕ ದೂರದ ನೆಂಟರು, ಎಲ್ಲರದೂ ಇದೇ ಪ್ರಶ್ನೆ. ಅನುವಾದವೇ ನನ್ನ ಹೊಟ್ಟೆಪಾಡು, ದಿನವಿಡೀ ಕುಟ್ಟುತ್ತೇನೆ. ಕೀಗಳ ಮೇಲೆ ಕನ್ನಡದ ಸ್ಟಿಕ್ಕರ್ ಕೂಡ ಇಲ್ಲ. ಅಭ್ಯಾಸಬಲ ಅಂದುಬಿಟ್ಟರೆ ಮಾತು ಅಲ್ಲಿಗೇ ಮುಗಿಯುತ್ತದೆ, ಆದರೆ ಅದು ಅರ್ಧ ಸುಳ್ಳು. ನನ್ನ ವೇಗದಲ್ಲಿ ದೊಡ್ಡ ಪಾಲು, ನಾನು ಬಳಸುವ ಕನ್ನಡ ಕೀಲಿಮಣೆಯ ವಿನ್ಯಾಸ ಮಾಡಿದ ಕಿನ್ನಿಕಂಬಳದ ಕೆ.ಪಿ. ರಾಯರದು.

‘ಕನ್ನಡ’ ಅನ್ನೋ ಪದವನ್ನೇ ತಗೊಳ್ಳಿ. ಇಂಗ್ಲಿಷಲ್ಲಿ ಉಚ್ಚರಿಸಿದ ಹಾಗೆ ಕುಟ್ಟುವವರಿಗೆ ಏಳು ಅಕ್ಷರ ಬೇಕು, ‘ಡ’ಕ್ಕೆ ಶಿಫ್ಟ್ ಬೇರೆ. ನನಗೆ ಐದೇ: ಕೆ, ಎನ್, ಎಫ್, ಎನ್, ಡಬ್ಲ್ಯೂ. ‘ಕ’ದೊಳಗೆ ‘ಅ’ ಇದ್ದೇ ಇದೆಯಲ್ಲ, ಅದನ್ನು ಮತ್ತೆ ಯಾಕೆ ಒತ್ತಬೇಕು? ಶಿಫ್ಟ್ ಹಿಡಿದರೆ ‘ಕ’ ಹೋಗಿ ‘ಖ’, ‘ಗ’ ಹೋಗಿ ‘ಘ’. ಐ ಕೀ ಪದದ ಮೊದಲಲ್ಲಿ ಬಂದರೆ ‘ಇ’, ವ್ಯಂಜನ ಆದಮೇಲೆ ಬಂದರೆ ಗುಡಿಸು. ಎರಡು ವ್ಯಂಜನಗಳ ನಡುವೆ ಎಫ್ ಒತ್ತಿದರೆ ಎರಡನೆಯದು ತಾನಾಗಿ ಮೊದಲನೆಯದರ ಕಾಲಡಿ ಹೋಗಿ ಕೂರುತ್ತದೆ. ಒಂದನೇ ಕ್ಲಾಸಿನಲ್ಲಿ ಬಾಯಿಪಾಠ ಮಾಡಿದ ಕಾಗುಣಿತವನ್ನೇ 26 ಕೀಗಳ ಮೇಲೆ ಹಾಸಿದ್ದಾರೆ, ಅಷ್ಟೆ. (‘ಟ’ ಕ್ಯೂ ಮೇಲೆ, ‘ಡ’ ಡಬ್ಲ್ಯೂ ಮೇಲೆ ಇರೋದಕ್ಕೆ ಮೊದಲ ವಾರ ಬೈದುಕೊಂಡಿದ್ದೆ. ಟಿ ಮತ್ತು ಡಿ ಆಗಲೇ ‘ತ’ ‘ಥ’, ‘ದ’ ‘ಧ’ಗಳ ಪಾಲಾಗಿದ್ದವು, ಪಾಪ, ಅವರಾದರೂ ಏನು ಮಾಡಿಯಾರು.)

ಈ ‘ಅಷ್ಟೆ’ಯ ಬೆಲೆ ಟೈಪ್‌ರೈಟರ್ ಕುಟ್ಟಿದವರಿಗೆ ಗೊತ್ತು. ಅನಂತ ಸುಬ್ಬರಾಯರು ಕನ್ನಡದ ಅಕ್ಷರ, ಗುಣಿತ, ಒತ್ತು ಎಲ್ಲವನ್ನೂ ಆ ಯಂತ್ರದ ಕೆಲವೇ ಕೀಗಳಿಗೆ ಇಳಿಸಿದ್ದು ಸಣ್ಣ ಕೆಲಸವೇನಲ್ಲ. ನಮ್ಮೂರಿನ ಇನ್‌ಸ್ಟಿಟ್ಯೂಟಿನಲ್ಲಿ ಆ ವಿನ್ಯಾಸ ಕಲಿಯಲು ನನಗೆ ಆರು ತಿಂಗಳು ಹಿಡಿಯಿತು, ಕಿರುಬೆರಳು ಇವತ್ತಿಗೂ ಸ್ವಲ್ಪ ಸೊಟ್ಟ. ಕೆ.ಪಿ. ರಾಯರ ವಿನ್ಯಾಸ ಒಂದು ಮಧ್ಯಾಹ್ನದಲ್ಲಿ ತಲೆಗೆ ಹತ್ತಿತು.

ರಾಯರು ಮುಂಬೈಯ ವಿಜ್ಞಾನ ಸಂಶೋಧನಾ ಸಂಸ್ಥೆ ಟಿಐಎಫ್‌ಆರ್‌ನಲ್ಲಿದ್ದವರು, ಮುಂದೆ ಅಚ್ಚಿನ ಅಕ್ಷರಜೋಡಣೆಯ ಲೋಕಕ್ಕೆ ಬಂದವರು. ಯಂತ್ರವೂ ಗೊತ್ತು, ಅಕ್ಷರವೂ ಗೊತ್ತು. ತಮ್ಮ ತಂತ್ರಾಂಶಕ್ಕೆ ‘ಸೇಡಿಯಾಪು’ ಎಂದು ಹೆಸರಿಟ್ಟರು, ಛಂದಸ್ಸಿನ ದೊಡ್ಡ ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ನೆನಪಿಗೆ. ತನಗಿಂತ ಮುಂಚಿನವರ ಋಣ ಹೇಳಿಕೊಳ್ಳುವ ಈ ಬಗೆ ನನಗೆ ಬಹಳ ಹಿಡಿಸಿತು. ಹಂಚಿದ್ದೂ ಪುಕ್ಕಟೆ. ಕರ್ನಾಟಕ ಸರ್ಕಾರ ಒಪ್ಪಿಕೊಂಡ ಕೀಲಿಮಣೆಗೆ, ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶಕ್ಕೆ, ಈ ವಿನ್ಯಾಸವೇ ತಳಹದಿ. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ತಂತ್ರಾಂಶ ಬಂತು. ಕೀಲಿಮಣೆ ಕಲಿಯದವರೂ ಕನ್ನಡದಲ್ಲಿ ಕಾಗದ ಬರೆಯುವ ಹಾಗಾಯಿತು. ಆಗ ನಾವು ಕಳಿಸಿದ ಫೈಲು ಆ ಕಡೆ ಚೌಕಗಳಾಗಿ, ಕೊಕ್ಕೆಗಳಾಗಿ ತೆರೆದುಕೊಳ್ಳುತ್ತಿತ್ತು ಅನ್ನೋದು ಬೇರೆ ಮಾತು. ಫಾಂಟ್ ಇದೆಯಾ ಎಂದು ಫೋನಲ್ಲಿ ಕೇಳಿಯೇ ಮೇಲ್ ಕಳಿಸಬೇಕಿತ್ತು. ಎಲ್ಲ ಕಂಪ್ಯೂಟರುಗಳಿಗೂ ಒಂದೇ ಅಕ್ಷರಸಂಕೇತವಾದ ಯೂನಿಕೋಡ್ ಬಳಕೆಗೆ ಬಂದಮೇಲೆ ಆ ಪೀಡೆ ತೊಲಗಿತು.

ಈಗಿನವರು ಫೋನಿಗೆ ಮಾತಾಡಿ ಬರೆಸುತ್ತಾರೆ. ಬರೆಸಲಿ. ಅಲ್ಲಿ ಮೂಡುವ ‘ಸ್ತ್ರೀ’ಯ ಒಳಗೂ ವ್ಯಂಜನ, ಹಲಂತ (ಎಫ್ ಕೊಡುವ ಜೋಡಣೆಯ ಗುರುತು), ವ್ಯಂಜನ ಎನ್ನುವ ಅದೇ ಸರಪಳಿ ಇದೆ.

ಹೋದ ತಿಂಗಳು ಹೊಸ ಕೀಬೋರ್ಡ್ ತರಲು ಹಳೆಯದನ್ನು ಹಿಡಿದು ಅಂಗಡಿಗೆ ಹೋಗಿದ್ದೆ. ಉಳಿದ ಅಕ್ಷರಗಳೆಲ್ಲ ಮಸುಕಾಗಿಯಾದರೂ ಕಾಣುತ್ತಿದ್ದವು. ಎಫ್ ಮಾತ್ರ ಪೂರ್ತಿ ಬೋಳು, ಬೆರಳಿಗೆ ತಾಗುವ ಸಣ್ಣ ಗೀಟಷ್ಟೇ ಉಳಿದಿತ್ತು. ಹುಡುಗ ತಿರುಗಿಸಿ ತಿರುಗಿಸಿ ನೋಡಿ, “ಇದೊಂದೇ ಹಿಂಗೆ ಸವೆದಿದೆಯಲ್ಲ, ಅಂಥಾದ್ದೇನು ಬರೀತೀರಿ ಸಾರ್?” ಅಂದ.

“ಒತ್ತು,” ಅಂದೆ.