ಫುಲ್‌ಮೆಟಲ್ ಆಲ್ಕೆಮಿಸ್ಟ್ ಫಿಕ್‌ಗೆ ವಿಮರ್ಶೆ ಬರೆಯುವಾಗ ಮೊದಲು ಕ್ಯಾನನ್ ನೋಡಿ

ಫುಲ್‌ಮೆಟಲ್ ಆಲ್ಕೆಮಿಸ್ಟ್ ಫಿಕ್ (ಅಭಿಮಾನಿಗಳು ಬರೆದ ಕತೆ) ಒಂದನ್ನು ವಿಮರ್ಶೆಗೆ ಎತ್ತಿಕೊಂಡರೆ ಮೊದಲ ಕೆಲಸ, ಅದನ್ನು ಯಾವ ಕ್ಯಾನನ್ (ಅಂದರೆ ಮೂಲ ಕತೆ) ಹಿಡಿದು ಬರೆದಿದ್ದಾರೆ ಅಂತ ಪತ್ತೆ ಮಾಡುವುದು. ಆಲ್ಕೆಮಿ (ವಸ್ತುವಿನ ರೂಪ ಬದಲಿಸುವ ವಿದ್ಯೆ) ಬಲ್ಲ ಎಡ್ವರ್ಡ್, ಅಲ್ಫೋನ್ಸ್ ಎಂಬ ಅಣ್ಣತಮ್ಮಂದಿರ ಕತೆ ಹೇಳುವ ಹಿರೊಮು ಅರಕಾವಾ ಅವರ ಮಾಂಗಾ (ಜಪಾನಿ ಕಾಮಿಕ್) 2001ರಲ್ಲಿ ಶುರುವಾಗಿ 2010ರಲ್ಲಿ ಮುಗಿಯಿತು. 2003ರ ಅನಿಮೆ (ಜಪಾನಿ ಅನಿಮೇಷನ್ ಸರಣಿ) ಬಂದಾಗ ಮಾಂಗಾ ಇನ್ನೂ ನಡೆಯುತ್ತಿತ್ತು, ಹಾಗಾಗಿ ಅದರ 51 ಕಂತುಗಳು ಬೇರೆ ದಾರಿ ಹಿಡಿದು ಬೇರೆ ಅಂತ್ಯ ಕಂಡವು. 2009ರ ಎರಡನೇ ಅನಿಮೆ ಬ್ರದರ್‌ಹುಡ್ 64 ಕಂತುಗಳಲ್ಲಿ ಮಾಂಗಾದ ದಾರಿಯಲ್ಲೇ ನಡೆಯಿತು.

ಈ ವ್ಯತ್ಯಾಸ ಎಷ್ಟು ಆಳದ್ದು ಅನ್ನೋದಕ್ಕೆ ಅಣ್ಣತಮ್ಮಂದಿರ ಬಾಲ್ಯದ ಗೆಳತಿ ವಿನ್ರಿಯನ್ನು ನೋಡಿ. ಮಾಂಗಾ ಮತ್ತು ಬ್ರದರ್‌ಹುಡ್‌ನಲ್ಲಿ ಅವಳ ಅಪ್ಪ ಅಮ್ಮನನ್ನು ಕೊಂದವನು ಸ್ಕಾರ್. 2003ರ ಅನಿಮೆಯಲ್ಲಿ, ಮೇಲಿನ ಆದೇಶದಂತೆ ಅವರಿಗೆ ಗುಂಡು ಹಾರಿಸಿದವನು ಸೇನಾಧಿಕಾರಿ ರಾಯ್ ಮಸ್ಟಾಂಗ್. ಫಿಕ್ ಒಂದರಲ್ಲಿ ವಿನ್ರಿ ಮಸ್ಟಾಂಗ್‌ನ ಎದುರು ಕೂತು ಮಾತು ಹೊರಡದೆ ಒದ್ದಾಡುತ್ತಿದ್ದಾಳೆ ಅಂದುಕೊಳ್ಳಿ. ಬ್ರದರ್‌ಹುಡ್ ಮಾತ್ರ ನೋಡಿದ ವಿಮರ್ಶಕರು ಅದಕ್ಕೆ 'ಪಾತ್ರಕ್ಕೆ ಹೊಂದಲ್ಲ' ಅಂತ ಬರೆದರೆ, ಕತೆಯ ಅತ್ಯಂತ ಪ್ರಾಮಾಣಿಕ ದೃಶ್ಯವನ್ನೇ ತಪ್ಪು ಅಂದಂತಾಗುತ್ತದೆ. ಬರೆದವರಿಗೆ ಇದಕ್ಕಿಂತ ದೊಡ್ಡ ಅನ್ಯಾಯ ಇನ್ನೊಂದಿಲ್ಲ.

ಫಿಕ್‌ಗಳ ತಾಣ ಆರ್ಕೈವ್ ಆಫ್ ಅವರ್ ಓನ್‌ನಲ್ಲಿ ಈ ಎರಡು ಕ್ಯಾನನ್‌ಗಳಿಗೂ ಬೇರೆ ಬೇರೆ ಫ್ಯಾಂಡಮ್ ಟ್ಯಾಗ್ (ಯಾವ ಮೂಲದ ಕತೆ ಅನ್ನುವ ಗುರುತು) ಇದೆ. ಆದರೆ ಎರಡನ್ನೂ ಹಾಕಿಬಿಡುವವರು ಬಹಳ ಮಂದಿ, ಆದ್ದರಿಂದ ಗುರುತುಗಳನ್ನು ಕತೆಯ ಒಳಗೇ ಹುಡುಕಬೇಕು. ಲಿಂಗ್, ಲಾನ್ ಫಾನ್ ಅಥವಾ ಒಲಿವಿಯರ್ ಆರ್ಮ್‌ಸ್ಟ್ರಾಂಗ್ ಬಂದರೆ ಅದು ಮಾಂಗಾದ ಲೋಕ. ಮಸ್ಟಾಂಗ್‌ನ ಒಂದು ಕಣ್ಣಿಗೆ ಪಟ್ಟಿ ಇದ್ದರೆ, ಸೋತ ಮಾನವ ರೂಪಾಂತರದಿಂದ (ಸತ್ತವರನ್ನು ಆಲ್ಕೆಮಿಯಿಂದ ಬದುಕಿಸುವ ಯತ್ನ) ಹೊಮುಂಕುಲಸ್ (ಕೃತಕ ಮನುಷ್ಯ) ಹುಟ್ಟಿದರೆ, ಅದು 2003ರದ್ದು. ಎರಡನ್ನೂ ಬೇಕಂತಲೇ ಬೆರೆಸಿದ ಕತೆಗಳೂ ಇವೆ. ಅಲ್ಲಿ ಬೆಸುಗೆ ಎಲ್ಲಿ ಬಿಟ್ಟುಕೊಂಡಿದೆ ಅಂತ ನೋಡಬೇಕು.

ಇಷ್ಟಾದ ಮೇಲೆ ಕತೆಯನ್ನು ಎರಡು ಸಲ ಓದಿ. ಮೊದಲ ಸಲ ಟಿಪ್ಪಣಿ ಬೇಡ, ಬರೀ ಓದುಗರಾಗಿ ಓದಿ. ಎರಡನೇ ಸಲ ಅಧ್ಯಾಯದ ಸಂಖ್ಯೆ, ಯಾರ ದೃಷ್ಟಿಯಿಂದ ನಡೆಯುತ್ತಿದೆ, ಯಾವ ಹೊತ್ತು, ಯಾರಿಗೆ ಎಲ್ಲಿ ಗಾಯ ಅಂತ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಉದ್ದನೆಯ ಫಿಕ್‌ಗಳು ಎಡವುವುದು ಹೆಚ್ಚಾಗಿ ಇಲ್ಲೇ: ಮುರಿದ ಪಕ್ಕೆಲುಬು ಎರಡು ಅಧ್ಯಾಯ ಕಳೆಯುವಷ್ಟರಲ್ಲಿ ಮರೆತುಹೋಗಿರುತ್ತದೆ, ಅಲ್ಫೋನ್ಸ್‌ನ ಮನಸ್ಸಿನೊಳಗೆ ನಡೆಯುತ್ತಿದ್ದ ದೃಶ್ಯ ನಡುವೆಯೇ ಎಡ್ವರ್ಡ್‌ನ ತಲೆಗೆ ಜಾರಿರುತ್ತದೆ.

ಎಡ್ವರ್ಡ್‌ನ ದೇಹದ ಬಗ್ಗೆ ಆಗುವ ತಪ್ಪುಗಳೂ ಕಮ್ಮಿಯಿಲ್ಲ. ಆಟೋಮೇಲ್ (ಲೋಹದ ಕೃತಕ ಅಂಗ) ಇರುವುದು ಬಲಗೈ ಮತ್ತು ಎಡಗಾಲಿಗೆ. ಮಾಂಗಾದ ಅಂತ್ಯದ ನಂತರ ಬಲಗೈ ರಕ್ತಮಾಂಸದ್ದು, ಎಡಗಾಲು ಮಾತ್ರ ಲೋಹದ್ದು. ಆಲ್ಕೆಮಿಯ ಮೂಲವಾದ ತನ್ನ ಸತ್ಯದ ದ್ವಾರವನ್ನೇ ಕೊಟ್ಟು ತಮ್ಮನನ್ನು ಪಡೆದವನಿಗೆ ಆಲ್ಕೆಮಿ ಬರುವುದಿಲ್ಲ. ಅಂಥ ಎಡ್ವರ್ಡ್ ಚಪ್ಪಾಳೆ ತಟ್ಟಿ ಗೋಡೆ ಎಬ್ಬಿಸಿದರೆ ತಕ್ಷಣ ತಪ್ಪು ಅನ್ನಬೇಡಿ. ಲೇಖಕರ ಟಿಪ್ಪಣಿ, ಮೊದಲ ಅಧ್ಯಾಯ, ಏಯು (ಮೂಲಕ್ಕಿಂತ ಬೇರೆ ಲೋಕದ ಕತೆ) ಟ್ಯಾಗ್ ನೋಡಿ. ಕಾರಣ ಎಲ್ಲೂ ಸಿಗದಿದ್ದರೆ ಅಧ್ಯಾಯದ ಸಮೇತ ಹೇಳಿ.

ಬರೀ 'ಓಓಸಿ' (ಪಾತ್ರಕ್ಕೆ ಹೊಂದಲ್ಲ) ಅಂತ ಬರೆದರೆ ಲೇಖಕರ ಕೈಗೆ ಏನೂ ಸಿಗುವುದಿಲ್ಲ. ಹಾಲು ಕಂಡರಾಗದ ಎಡ್ವರ್ಡ್ ತಕರಾರಿಲ್ಲದೆ ಅದನ್ನು ಕುಡಿದರೆ ಅದು ಅರ್ಧ ಸಾಲಿನ ಮಾತು. ಪುಟ್ಟ ಹುಡುಗಿ ನೀನಾಳನ್ನು ಕಳೆದುಕೊಂಡ ಮೇಲೂ ಅಪಾಯದಲ್ಲಿರುವ ಮಗುವನ್ನು ಬಿಟ್ಟು ನಡೆದರೆ, ಅದು ಇಡೀ ಕತೆಯ ಪ್ರಶ್ನೆ. ಆ ವಾಕ್ಯವನ್ನು ಉದ್ಧರಿಸಿ, ಕ್ಯಾನನ್‌ನ ಯಾವ ಘಟನೆಗೆ ಅದು ಎದುರಾಗಿದೆ ಹೇಳಿ, ಅವನು ಹಾಗೆ ಬದಲಾಗಲು ಕತೆ ದಾರಿ ಕಟ್ಟಿದೆಯೇ ಅಂತ ತೂಗಿ ನೋಡಿ.

ಮಾನವ ರೂಪಾಂತರದ ದೃಶ್ಯಗಳಲ್ಲಿ 35 ಲೀಟರ್ ನೀರು, 20 ಕಿಲೋ ಇಂಗಾಲ, 4 ಲೀಟರ್ ಅಮೋನಿಯಾ, 1.5 ಕಿಲೋ ಸುಣ್ಣ ಅಂತ ಪಟ್ಟಿ ಬಂದೇ ಬರುತ್ತದೆ. ಲೆಕ್ಕ ಸರಿಯಿದ್ದ ಮಾತ್ರಕ್ಕೆ ಮೆಚ್ಚಬೇಕಿಲ್ಲ. ಮೂಲದಲ್ಲಿ ಅದರ ಪೆಟ್ಟು ಇರುವುದು ಇವೆಲ್ಲ ಮಕ್ಕಳ ಪಾಕೆಟ್ ಮನಿಗೆ ಸಿಗುತ್ತವೆ ಅನ್ನುವ ಮಾತಿನಲ್ಲಿ. ಫಿಕ್ ಆ ಪಟ್ಟಿಗೆ ತನ್ನದೇನಾದರೂ ಸೇರಿಸಿದೆಯೇ ನೋಡಿ.

ವಿಮರ್ಶೆಯ ತಲೆಯಲ್ಲಿ ಕ್ಯಾನನ್, ಪದಸಂಖ್ಯೆ, ರೇಟಿಂಗ್, ಎಚ್ಚರಿಕೆಗಳು ಇರಲಿ. 'ಎಚ್ಚರಿಕೆ ಬಳಸದಿರಲು ಲೇಖಕರು ನಿರ್ಧರಿಸಿದ್ದಾರೆ' ಅಂತಿದ್ದರೆ ಒಳಗೆ ಏನು ಬೇಕಾದರೂ ಇರಬಹುದು. ಸಾವೋ ಹಿಂಸೆಯೋ ಇದ್ದರೆ ಸ್ಪಾಯ್ಲರ್ ಮುಚ್ಚಿ ತಿಳಿಸಿ. 3,000 ಪದಗಳ ಒನ್‌ಶಾಟ್‌ಗೆ (ಒಂದೇ ಅಧ್ಯಾಯದ ಕತೆ) 300–400 ಪದ ಸಾಕು. ಇಂಗ್ಲಿಷ್ ಎರಡನೇ ಭಾಷೆಯಾದವರು ಬರೆದ ಫಿಕ್‌ಗಳು ಬೇಕಾದಷ್ಟಿವೆ. ಓದಿಗೆ ತಡೆಯಾಗದ ವ್ಯಾಕರಣದ ತಪ್ಪುಗಳನ್ನು ಬಿಟ್ಟುಬಿಡಿ. ಟೀಕೆ ಬೇಡ ಅಂತ ಲೇಖಕರೇ ಬರೆದಿದ್ದರೆ ಕತೆಯ ಕೆಳಗೆ ತಪ್ಪು ಪಟ್ಟಿ ಮಾಡಬೇಡಿ. ಶಿಫಾರಸು ಬರೆಯಿರಿ, ಇಲ್ಲವೇ ಬೇರೆ ಕತೆ ಆರಿಸಿಕೊಳ್ಳಿ.

ಅಪೂರ್ಣ ಕತೆಯಾದರೆ ಕೊನೆಯ ಅಧ್ಯಾಯ ಯಾವಾಗ ಬಂತು, ಕತೆ ನೆಲೆ ಕಂಡು ನಿಂತಿದೆಯೋ ಹೋರಾಟದ ನಡುವೆಯೋ ಅನ್ನೋದನ್ನು ತಿಳಿಸಿ. ಶುರು ಮಾಡಬೇಕೋ ಬೇಡವೋ ಓದುಗರು ನಿರ್ಧರಿಸುತ್ತಾರೆ. ಮುಂದಿನದು ಯಾವಾಗ ಅಂತ ಲೇಖಕರನ್ನು ಪೀಡಿಸುವುದು ವಿಮರ್ಶಕರ ಕೆಲಸವಲ್ಲ.