ಕೈಗೆ 180 ಜಾಸ್ತಿ, ಖಾತೆಗೆ 360 ಕಮ್ಮಿ

ಗಾರ್ಮೆಂಟ್ಸ್ ಕಾರ್ಖಾನೆಯೊಂದರಲ್ಲಿ ಸಂಬಳದ ಲೆಕ್ಕ ನೋಡಿಕೊಳ್ಳುವುದು ನನ್ನ ಕೆಲಸ. ಸರ್ಕಾರ ತೆರಿಗೆಯನ್ನೋ ಪಿಎಫ್ (ಭವಿಷ್ಯ ನಿಧಿ) ದರವನ್ನೋ ಬದಲಿಸಿದರೆ ಸಾಫ್ಟ್‌ವೇರ್‌ನಲ್ಲಿ ಅಂಕಿ ತಿದ್ದಿ, ಗಡುವಿನೊಳಗೆ ಚಲನ್ ಕಟ್ಟಿದರೆ ಮುಗಿಯಿತು ಅಂದುಕೊಂಡಿದ್ದೆ.

2020ರ ಮೇ, ಜೂನ್, ಜುಲೈ ತಿಂಗಳಿಗೆ ಕೇಂದ್ರ ಸರ್ಕಾರ ಪಿಎಫ್ ದರವನ್ನು ಶೇ 12ರಿಂದ 10ಕ್ಕೆ ಇಳಿಸಿತು. ಕೊರೊನಾ ಕಾಲ, ಜನರ ಕೈಯಲ್ಲಿ ನಾಲ್ಕು ಕಾಸು ಓಡಾಡಲಿ ಅನ್ನೋದು ಉದ್ದೇಶ. ಬೇಸಿಕ್ (ಮೂಲ ವೇತನ) 9,000 ಇದ್ದವರಿಗೆ 1,080 ಬದಲು 900 ಕಟ್ ಆಯಿತು. ಕೈಗೆ 180 ರೂಪಾಯಿ ಜಾಸ್ತಿ. ಒಳ್ಳೆಯ ಸುದ್ದಿ ತಾನೇ ಎಂದು ಯಾರಿಗೂ ಏನೂ ಹೇಳಲಿಲ್ಲ.

ಸಂಬಳದ ಮರುದಿನ ಟೈಲರ್ ಒಬ್ಬರು ಬಂದರು. ಅವರ ಪೇ ಸ್ಲಿಪ್ ಮಡಿಸಿ ಮಡಿಸಿ ಮೆತ್ತಗಾಗಿತ್ತು. ಪಿಎಫ್ ಸಾಲಿನ ಮೇಲೆ ಬೆರಳಿಟ್ಟು, "ಸರ್, ನನ್ನ ಪಿಎಫ್ ಯಾಕೆ ಕಮ್ಮಿ ಕಟ್ಟಿದೀರಾ? ಮಗಳ ಮದುವೆಗೆ ಅಂತ ಇರೋದು ಅದೊಂದೇ" ಎಂದರು.

"ಕಮ್ಮಿ ಏನಿಲ್ಲಮ್ಮ, ಆ ದುಡ್ಡು ನಿಮ್ಮ ಕೈಗೇ ಬಂದಿದೆ" ಎಂದೆ. ಅವರು ಹೋದ ಮೇಲೆ ಲೆಕ್ಕ ಹಾಕಿದೆ. ಪಿಎಫ್‌ಗೆ ಕಂಪನಿಯೂ ಅಷ್ಟೇ ಕಟ್ಟುತ್ತದೆ, ಆ ಪಾಲೂ 180 ಇಳಿದಿತ್ತು. ಅದು ಅವರ ಕೈಗೆ ಬಂದಿರಲಿಲ್ಲ. ಅಂದರೆ ಖಾತೆಗೆ ತಿಂಗಳಿಗೆ 360 ಕಮ್ಮಿ. ಅವರು ಹೇಳಿದ್ದೇ ಸರಿ. ಬೇಕಿದ್ದವರು ತಮ್ಮ ಪಾಲನ್ನು ಶೇ 12ರಲ್ಲೇ ಉಳಿಸಿಕೊಳ್ಳುವ ಅವಕಾಶವೂ ಇತ್ತು. ಬೇಕಾ ಅಂತ ನಾನು ಒಬ್ಬರನ್ನೂ ಕೇಳಿರಲಿಲ್ಲ. ಅದು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಆಮೇಲಿನಿಂದ ಏನೇ ಬದಲಾದರೂ ಪೇ ಸ್ಲಿಪ್ ಜೊತೆ ನಾಲ್ಕು ಸಾಲಿನ ಚೀಟಿ ಕೊಡಲು ಶುರು ಮಾಡಿದೆ. ನಿಮ್ಮ ಕೈಗೆ ಎಷ್ಟು, ಖಾತೆಗೆ ಎಷ್ಟು, ಕಂಪನಿಗೆ ಎಷ್ಟು, ನೀವು ಏನನ್ನು ಆಯ್ಕೆ ಮಾಡಬಹುದು. ಇಷ್ಟೇ.

ಆದರೂ 2025ರಲ್ಲಿ ಮತ್ತೆ ಎಡವಿದೆ. ಆಗಸ್ಟ್ 1ರಿಂದ ಪ್ರಧಾನ ಮಂತ್ರಿ ವಿಕಸಿತ ಭಾರತ ರೋಜ್‌ಗಾರ್ ಯೋಜನೆ ಬಂತು. ಮೊದಲ ಸಲ ಪಿಎಫ್‌ಗೆ ಸೇರುವವರಿಗೆ 15,000 ರೂಪಾಯಿವರೆಗೆ, ಎರಡು ಕಂತಿನಲ್ಲಿ. ಮೊದಲ ಕಂತು ಆರು ತಿಂಗಳು ದುಡಿದ ಮೇಲೆ, ಎರಡನೆಯದು ವರ್ಷ ತುಂಬಿದ ಮೇಲೆ. ಹೆಚ್ಚುವರಿಯಾಗಿ ಜನರನ್ನು ಸೇರಿಸಿಕೊಂಡರೆ ಕಂಪನಿಗೂ ತಲೆಗೆ ತಿಂಗಳಿಗೆ 3,000ದವರೆಗೆ ಸಿಗುತ್ತದೆ.

ಹೊಸದಾಗಿ ಬಂದ ಹುಡುಗನೊಬ್ಬ "ಇದೇ ಮೊದಲ ಕೆಲಸ ಸರ್" ಎಂದ. ಹಾಗಾದರೆ ನಿನಗೂ ದುಡ್ಡು ಬರುತ್ತದಪ್ಪ ಎಂದು ನಾನೇ ಹೇಳಿಬಿಟ್ಟೆ. ಆಧಾರ್ ನಂಬರ್ ಹಾಕಿದರೆ ಹಳೆಯ ಯುಎಎನ್ (ಪಿಎಫ್ ಸದಸ್ಯರ ಖಾಯಂ ನಂಬರ್) ಬಂತು. ಎರಡು ವರ್ಷದ ಹಿಂದೆ ಗುತ್ತಿಗೆದಾರರೊಬ್ಬರ ಕೈಕೆಳಗೆ ಎರಡು ತಿಂಗಳು ಮೂಟೆ ಹೊತ್ತಿದ್ದನಂತೆ. ಪಿಎಫ್ ಕಟ್ಟಿದ್ದಾರೆ ಅಂತ ಅವನಿಗೇ ಗೊತ್ತಿರಲಿಲ್ಲ. ಮೊದಲೇ ಪಿಎಫ್ ಸದಸ್ಯನಾಗಿದ್ದರಿಂದ ಅವನಿಗೆ ಆ ದುಡ್ಡಿಲ್ಲ. ಕಂಪನಿಯ ಲೆಕ್ಕಕ್ಕೆ ಮಾತ್ರ ಅವನು ಬರುತ್ತಾನೆ.

"ನನ್ನ ಹೆಸರಲ್ಲಿ ಕಂಪನಿಗೆ ಬರುತ್ತೆ, ನನಗೆ ಬರಲ್ವಾ ಸರ್?" ಎಂದು ಕೇಳಿದ. ಹೌದು ಎಂದಷ್ಟೇ ಹೇಳಲು ಸಾಧ್ಯವಾಯಿತು. ಯೋಜನೆ ಒಳ್ಳೆಯದೇ, ಆದರೆ ಈ ಒಂದು ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ ಎಂದು ನನಗನಿಸುತ್ತದೆ.

ಆದಾಯ ತೆರಿಗೆಯಲ್ಲೂ ಇದೇ ಕಥೆ. 2025–26ರಿಂದ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗೆ ತೆರಿಗೆ ಇಲ್ಲ, ಸಂಬಳದಾರರಿಗೆ 75,000ದ ಕಡಿತ ಬೇರೆ. ವರ್ಷಕ್ಕೆ 11 ಲಕ್ಷ ಬರುವ ಮ್ಯಾನೇಜರ್ ಒಬ್ಬರು ಗೃಹಸಾಲಕ್ಕೆ ರಿಯಾಯಿತಿ ಸಿಗುತ್ತೆ ಅಂತ ಅಭ್ಯಾಸಬಲದಿಂದ ಹಳೆ ಪದ್ಧತಿಗೇ ಟಿಕ್ ಹಾಕಿದ್ದರು. ತಿಂಗಳಿಗೆ ಸುಮಾರು 4,500 ಸುಮ್ನೆ ಟಿಡಿಎಸ್ (ಸಂಬಳದಲ್ಲೇ ಹಿಡಿದುಕೊಳ್ಳುವ ತೆರಿಗೆ) ಹೋಗುತ್ತಿತ್ತು. ಎರಡೂ ಲೆಕ್ಕವನ್ನು ಪಕ್ಕಪಕ್ಕ ಬರೆದು ತೋರಿಸಿದೆ, ಬದಲಿಸಿಕೊಂಡರು.

ಈಗ ಸೇರುವ ದಿನ ನಾನು "ಮೊದಲ ಕೆಲಸಾನಾ?" ಎಂದು ಕೇಳುವುದಿಲ್ಲ. "ಎಲ್ಲೆಲ್ಲಿ, ಎಷ್ಟೆಷ್ಟು ದಿನ ದುಡಿದಿದ್ದೀರಿ, ಒಂದೇ ತಿಂಗಳಾದರೂ ಹೇಳಿ" ಎಂದು ಕೇಳುತ್ತೇನೆ. ಯುಎಎನ್ ನೋಡುವವರೆಗೆ ಯೋಜನೆಯ ಮಾತೇ ಎತ್ತುವುದಿಲ್ಲ.

ಆ ಹುಡುಗನ ಪಾಸ್‌ಬುಕ್ ತೆಗೆದು ನೋಡಿದಾಗ ಹಳೆಯ ಎರಡು ತಿಂಗಳ ದುಡ್ಡು ಅಲ್ಲೇ ಇತ್ತು. ಅದನ್ನು ಈಗಿನ ಖಾತೆಗೆ ವರ್ಗಾಯಿಸಲು ಅರ್ಜಿ ಹಾಕಿದೆವು. ಅವನು ಸ್ಕ್ರೀನ್ ಹತ್ತಿರ ಬಗ್ಗಿ, "ಇದು ನಂದೇನಾ ಸರ್?" ಎಂದು ಎರಡು ಸಲ ಕೇಳಿದ.